ಒಟ್ಟಿಗೆ ಊದಿದ ತುತ್ತೂರಿ

(ಸಂಘದ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಹಾಯಾರ್ಥ ಸಂಜೆಯ ಭಾಷಣವೆಂದರೆ ದಾನದ ಮಹಿಮೆಯ ಬಗ್ಗೆ ಇರಬೇಕೆಂಬುದು ವಾಡಿಕೆ. ನಾನು ಆರಿಸಿಕೊಂಡಿರುವುದು ಹಾಡಿನ ವಿಷಯ. ಜನ ಮೆಚ್ಚಿದ ಒಂದು ಹಾಡಿಗೆ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್‌ಗಳ ಒಂದು ಬಳಗ ಬಂದು ಸೇರಿದರೆ ಆ ಹಾಡು ಏಕೆ ಎದ್ದು ನಿಲ್ಲುತ್ತದೆ? ಇಂಗ್ಲಿಷ್ ಸಂಗೀತಗಾರರು ಇದನ್ನು ಹಾರ್ನ್ ಸೆಕ್ಷನ್ ಎನ್ನುತ್ತಾರೆ. ನಾನು ನಮ್ಮ ಹಳೆಯ ಪದವನ್ನೇ ಹಿಡಿದು ತುತ್ತೂರಿ ಬಳಗ ಎನ್ನುತ್ತೇನೆ.

ನಮ್ಮ ಭಾಷೆಯಲ್ಲಿ ತುತ್ತೂರಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳುವವನನ್ನು ಕಂಡರೆ 'ತನ್ನ ತುತ್ತೂರಿ ತಾನೇ ಊದಿಕೊಳ್ತಾನೆ' ಎನ್ನುತ್ತೇವೆ. ನಾವೆಲ್ಲ ಒಂದನೆಯ ತರಗತಿಯಲ್ಲಿ ಕಲಿತ ಜಿ. ಪಿ. ರಾಜರತ್ನಂ ಅವರ ಪದ್ಯದ ಕಸ್ತೂರಿಯನ್ನು ನೆನೆಸಿಕೊಳ್ಳಿ. ಹೊಸ ತುತ್ತೂರಿ ಹಿಡಿದು ಹುಡುಗ ಜಂಬದಿಂದ ಮೆರೆದ, ತುತ್ತೂರಿ ಕೊಳದ ನೀರಿಗೆ ಜಾರಿತು, ಅದರ ಸ್ವರ ಅಲ್ಲಿಗೆ ಕಟ್ಟಿತು. ನನ್ನ ಮಾತು ಕಸ್ತೂರಿಯ ತುತ್ತೂರಿಯ ಬಗ್ಗೆ ಅಲ್ಲ, ಅದಕ್ಕೆ ನೇರ ವಿರುದ್ಧವಾದದ್ದರ ಬಗ್ಗೆ. ನಾಲ್ಕು ಜನ ಒಟ್ಟಿಗೆ ಉಸಿರೆಳೆದು, ಒಟ್ಟಿಗೆ ಊದಿ, ಒಟ್ಟಿಗೆ ನಿಲ್ಲಿಸಿ, ಮೆರೆಸುವುದು ಮಾತ್ರ ಬೇರೊಬ್ಬರನ್ನು. ಹಾಡುವವರನ್ನು.

ತುತ್ತೂರಿ ಬಳಗ ಮಾಡುವ ಕೆಲಸ

ಮೊದಲು ಕೆಲಸ ಏನೆಂದು ನೋಡೋಣ. ಗಾಯಕ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುತ್ತಾನೆ. ಅಲ್ಲಿ ಒಂದು ಸಣ್ಣ ಬಿಡುವು ಹುಟ್ಟುತ್ತದೆ. ತುತ್ತೂರಿ ಬಳಗದ ಮನೆ ಆ ಬಿಡುವು. ಎರಡೋ ಮೂರೋ ಸ್ವರಗಳಲ್ಲಿ ಗಾಯಕನಿಗೆ ಉತ್ತರ ಕೊಟ್ಟು, ಅವನು ಮತ್ತೆ ಬಾಯಿ ತೆರೆಯುವುದರೊಳಗೆ ಜಾಗ ಖಾಲಿ ಮಾಡಬೇಕು. ಇದು ನಮಗೆ ಹೊಸದಲ್ಲ. ಕಛೇರಿಯಲ್ಲಿ ಪಿಟೀಲಿನವರು ಹಾಡುಗಾರರ ಹಿಂದೆಯೇ ಹೋಗಿ, ಅವರು ನಿಲ್ಲಿಸಿದಲ್ಲಿ ಎತ್ತಿಕೊಳ್ಳುತ್ತಾರೆ. ಯಕ್ಷಗಾನದಲ್ಲಿ ಭಾಗವತರ ಪದ ಮುಗಿಯುವಲ್ಲಿ ಚೆಂಡೆ ಮಾತಾಡುತ್ತದೆ. ಸವಾಲಿಗೆ ಜವಾಬು ಇದ್ದರೇ ಸಂಭಾಷಣೆ.

ಎರಡನೆಯ ಕೆಲಸ ಒತ್ತು ಕೊಡುವುದು. ತಾಳದ ಒಂದು ಪೆಟ್ಟಿನ ಮೇಲೆ, ಅಥವಾ ಪೆಟ್ಟಿಗೆ ಅರೆಮಾತ್ರೆ ಮೊದಲೇ, ಎಲ್ಲರೂ ಒಂದೇ ಏಟಿಗೆ ಊದಿ ಬಿಡುತ್ತಾರೆ. ಕುಳಿತವರ ಕಾಲು ತಾನಾಗಿ ಅಲುಗುವುದು ಆಗಲೇ. ಮೂರನೆಯ ಕೆಲಸ, ಹಾಡು ಮೇಲೇರುವಾಗ ಅದರ ಕೆಳಗೆ ಉದ್ದನೆಯ ಸ್ವರಗಳ ಜಗುಲಿ ಕಟ್ಟಿಕೊಡುವುದು.

ಇದನ್ನು ಕೀಬೋರ್ಡಿನ ಒಂದು ಗುಂಡಿ ಮಾಡಲಾರದೇ ಎಂದು ನೀವು ಕೇಳಬಹುದು. ಮಾಡುತ್ತದೆ, ಆದರೆ ಅರ್ಧ ಮಾತ್ರ. ಹಿತ್ತಾಳೆ ವಾದ್ಯಕ್ಕೆ ಒಂದು ವಿಶೇಷ ಗುಣವಿದೆ. ಜೋರಾಗಿ ಊದಿದಾಗ ಅದರ ಧ್ವನಿ ದೊಡ್ಡದಾಗುವುದಷ್ಟೇ ಅಲ್ಲ, ಧ್ವನಿಯ ಬಣ್ಣವೇ ಬದಲಾಗುತ್ತದೆ. ಮೆಲ್ಲಗೆ ಊದಿದರೆ ಹಾಲಿನಂತೆ, ಜೋರಾಗಿ ಊದಿದರೆ ಬೆಂಕಿಯಂತೆ. ಜೊತೆಗೆ, ಮೂವರು ಒಂದೇ ಸ್ವರ ಊದಿದರೂ ಮೂರೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಆ ಕೂದಲೆಳೆಯಲ್ಲೇ ಧ್ವನಿಗೆ ಮೈ ತುಂಬುತ್ತದೆ. ಹತ್ತು ಜನ ಕೂಡಿ ಮಂಗಳಾರತಿ ಹಾಡಿದಾಗ ಬರುವ ತುಂಬುತನ ಒಬ್ಬರ ಧ್ವನಿಯನ್ನು ಹತ್ತು ಪಟ್ಟು ಹೆಚ್ಚಿಸಿದರೆ ಬರುವುದಿಲ್ಲ, ಅಲ್ಲವೇ?

ಕಿವಿಯೇ ಸಾಕ್ಷಿ

ಬಾಯಿಮಾತಿಗಿಂತ ಸಾಕ್ಷಿ ಮೇಲು. ಮನೆಗೆ ಹೋಗಿ ನೀವೇ ಕೇಳಿ ಪರೀಕ್ಷಿಸಬಹುದಾದ ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಬೀಟಲ್ಸ್ ತಂಡದ 'ಗಾಟ್ ಟು ಗೆಟ್ ಯೂ ಇನ್‌ಟು ಮೈ ಲೈಫ್'. 1966ರ 'ರಿವಾಲ್ವರ್' ಧ್ವನಿಮುದ್ರಿಕೆಯ ಹಾಡು. ಮೊದಲ ಪ್ರಯತ್ನಗಳಲ್ಲಿ ಇದಕ್ಕೆ ತುತ್ತೂರಿ ಇರಲಿಲ್ಲ. ಆರ್ಗನ್ ಇತ್ತು, ಹಿನ್ನೆಲೆ ಧ್ವನಿಗಳಿದ್ದವು. ಹಾಡು ಚೆನ್ನಾಗಿಯೇ ಇತ್ತು, ಆದರೆ ಕುಳಿತೇ ಇತ್ತು. ಆಮೇಲೆ 1966ರ ಮೇ 18ರಂದು ಮೂರು ಟ್ರಂಪೆಟ್, ಎರಡು ಟೆನರ್ ಸ್ಯಾಕ್ಸೊಫೋನ್ ನುಡಿಸುವವರನ್ನು ಕರೆಸಿ, ಮೈಕನ್ನು ವಾದ್ಯದ ಬಾಯಿಗೇ ಹತ್ತಿರ ಹಿಡಿದು ಮುದ್ರಿಸಿಕೊಂಡರು. ಹಾಡು ಎದ್ದು ನಿಂತಿತು. ನಮ್ಮ ಭಾಗ್ಯಕ್ಕೆ ತುತ್ತೂರಿ ಇಲ್ಲದ ಆ ಮೊದಲ ರೂಪವೂ 1996ರಲ್ಲಿ 'ಆಂಥಾಲಜಿ 2' ಸಂಗ್ರಹದಲ್ಲಿ ಹೊರಬಂತು. ಎರಡನ್ನೂ ಒಂದರ ಹಿಂದೊಂದು ಕೇಳಿ. ಒಗ್ಗರಣೆ ಹಾಕುವ ಮುಂಚಿನ ಸಾರು ಮತ್ತು ಒಗ್ಗರಣೆ ಬಿದ್ದ ಸಾರು! ಬೇಳೆ ಅದೇ, ಉಪ್ಪು ಅದೇ.

ಎರಡನೆಯದು ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್', 1965ರದ್ದು. ಅದರ ಆರಂಭದಲ್ಲಿ ಗಿಟಾರಿನ ಗೊರಗೊರ ಸದ್ದೊಂದಿದೆ, ಅದು ಜಗತ್ಪ್ರಸಿದ್ಧ. ವಾಸ್ತವವಾಗಿ ಅದು ಕಟ್ಟಡ ಏಳುವ ತನಕ ನಿಲ್ಲಿಸಿದ ಸಾರುವೆಯಂತೆ ಇತ್ತು. ಆ ಜಾಗದಲ್ಲಿ ಮುಂದೆ ತುತ್ತೂರಿಗಳು ಬರಬೇಕೆಂದು ಗಿಟಾರಿಗ ಕೀತ್ ರಿಚರ್ಡ್ಸ್ ಎಣಿಸಿದ್ದರು. ಅಷ್ಟರಲ್ಲಿ ಸಾರುವೆಯೇ ಜನರಿಗೆ ಮೆಚ್ಚಾಯಿತು. ಅದೇ ವರ್ಷ ಅಮೆರಿಕದ ಓಟಿಸ್ ರೆಡ್ಡಿಂಗ್ ಅದೇ ಹಾಡನ್ನು ಹಾಡಿ, ಆ ಜಾಗವನ್ನು ನಿಜವಾದ ತುತ್ತೂರಿಗಳಿಗೆ ಕೊಟ್ಟರು. ರೆಡ್ಡಿಂಗ್ ತುತ್ತೂರಿಯವರಿಗೆ ಅವರವರ ಸ್ವರಗಳನ್ನು ಬಾಯಲ್ಲೇ ಹಾಡಿ ಹೇಳಿಕೊಡುತ್ತಿದ್ದರು. ಗುರುಮುಖೇನ ಕಲಿಯುವ ನಮ್ಮ ಪದ್ಧತಿಗೆ ಇದು ತೀರ ಹತ್ತಿರ.

ಮೂರನೆಯದು ಎಚ್ಚರಿಕೆಯ ಉದಾಹರಣೆ. ಅದೇ ಬೀಟಲ್ಸ್ ತಂಡದ 'ದ ಲಾಂಗ್ ಅಂಡ್ ವೈಂಡಿಂಗ್ ರೋಡ್' ಎಂಬ ಮೆಲುದನಿಯ ಹಾಡಿಗೆ ನಿರ್ಮಾಪಕ ಫಿಲ್ ಸ್ಪೆಕ್ಟರ್ 1970ರಲ್ಲಿ ಪಿಟೀಲುಗಳು, ತುತ್ತೂರಿಗಳು, ಮಹಿಳೆಯರ ದೊಡ್ಡ ವೃಂದಗಾನ ಎಲ್ಲವನ್ನೂ ಸೇರಿಸಿದರು. ಬರೆದು ಹಾಡಿದ ಪಾಲ್ ಮೆಕಾರ್ಟ್ನಿಗೆ ಅದು ಸರಿಬರಲಿಲ್ಲ. 2003ರಲ್ಲಿ ಆ ಅಲಂಕಾರವಿಲ್ಲದ ರೂಪವನ್ನು ಹೊರತಂದರು. ತುತ್ತೂರಿ ಸೇರಿದ್ದೆಲ್ಲ ಉತ್ತಮವಾಗುವುದಿಲ್ಲ. ಹಾಡು ಜಾಗ ಕೊಟ್ಟಲ್ಲಿ ಬಂದರೆ ನೆಂಟರು, ಕೊಡದಲ್ಲಿ ಬಂದರೆ ದಾಳಿ.

ನಾವು ಬಂದು ಸೇರಿದ ನಾಡು

ಈ ವಿಷಯವನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ನಿಂತು ಮಾತಾಡುವುದಕ್ಕೆ ಕಾರಣವಿದೆ. ಬಂಧುಗಳೇ, ನಾವು ಬಂದು ಸೇರಿರುವುದು ತುತ್ತೂರಿಯ ನಾಡಿಗೆ.

ಸ್ಯಾಕ್ಸೊಫೋನನ್ನು ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ 1814ರಲ್ಲಿ ಹುಟ್ಟಿದ್ದು ಡಿನಾಂ ಎಂಬ ಊರಿನಲ್ಲಿ. ಅದು ಇಂದು ಬೆಲ್ಜಿಯಂನಲ್ಲಿದೆ. ಆದರೆ 1815ರಿಂದ 1830ರವರೆಗೆ ಆ ಪ್ರದೇಶ ಡಚ್ ದೊರೆಯ ಆಳ್ವಿಕೆಯಲ್ಲೇ ಇತ್ತು. ಡಿನಾಂ ಊರಿನ ಪಕ್ಕದಲ್ಲಿ ಹರಿಯುವ ಹೊಳೆಯೇ ಕೆಳಗೆ ಬಂದು ಮಾಸ್ ಎಂಬ ಹೆಸರಿನಲ್ಲಿ ಮಾಸ್ಟ್ರಿಖ್ಟ್ ನಗರವನ್ನು ದಾಟುತ್ತದೆ. 1846ರಲ್ಲಿ ಸ್ಯಾಕ್ಸ್ ತನ್ನ ವಾದ್ಯಕ್ಕೆ ಪೇಟೆಂಟ್ ಪಡೆದ. ಮೈಯೆಲ್ಲ ಹಿತ್ತಾಳೆ, ಬಾಯಿಗೆ ಮಾತ್ರ ಕ್ಲಾರಿನೆಟ್ಟಿನಂತೆ ಬೆತ್ತದ ಎಲೆ. ಅದಕ್ಕೇ ಅದು ತುತ್ತೂರಿಯ ಪಂಕ್ತಿಯಲ್ಲೂ ಕೂರುತ್ತದೆ, ಕೊಳಲಿನ ಪಂಕ್ತಿಯಲ್ಲೂ ಕೂರುತ್ತದೆ.

ನೀವು ಯಾವ ಡಚ್ ಹಳ್ಳಿಗೆ ಹೋದರೂ ಅಲ್ಲೊಂದು ವಾದ್ಯಸಂಘ ಇರುವ ಸಂಭವ ಹೆಚ್ಚು. ಹಾರ್ಮೋನಿ, ಫಾನ್‌ಫಾರೆ, ಬ್ರಾಸ್‌ಬ್ಯಾಂಡ್ ಎಂದು ಅವುಗಳಲ್ಲಿ ಮೂರು ಬಗೆ. ಹಾರ್ಮೋನಿಯಲ್ಲಿ ಕೊಳಲು, ಕ್ಲಾರಿನೆಟ್‌ಗಳೂ ಇರುತ್ತವೆ. ಫಾನ್‌ಫಾರೆಯಲ್ಲಿ ಅವಿಲ್ಲ, ಹಿತ್ತಾಳೆ ವಾದ್ಯಗಳ ಜೊತೆ ಸ್ಯಾಕ್ಸೊಫೋನ್ ಇರುತ್ತದೆ. ಬ್ರಾಸ್‌ಬ್ಯಾಂಡಿನಲ್ಲಿ ಅದೂ ಇಲ್ಲ. ಎಷ್ಟೋ ಊರಿನ ಚೌಕದಲ್ಲಿ ಇವರಿಗಾಗಿ ಕಟ್ಟಿದ ಮಂಟಪವಿದೆ, ನಮ್ಮ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಇದ್ದ ಹಾಗೆ. ರಾಜನ ಹುಟ್ಟುಹಬ್ಬದ ಬೆಳಿಗ್ಗೆ, ಸಿಂಟರ್‌ಕ್ಲಾಸ್ ದೋಣಿಯಿಂದ ಇಳಿಯುವಾಗ, ದಕ್ಷಿಣದ ಲಿಂಬರ್ಗ್ ಮತ್ತು ಬ್ರಾಬಂಟ್ ಪ್ರಾಂತಗಳ ಕಾರ್ನಿವಲ್‌ನಲ್ಲಿ ಇವರಿಲ್ಲದೆ ನಡೆಯುವುದಿಲ್ಲ. ಲಿಂಬರ್ಗಿನ ಕೆರ್ಕ್ರಾಡೆಯಲ್ಲಿ 1951ರಿಂದ ನಡೆದುಬಂದ ವಿಶ್ವ ಸಂಗೀತ ಸ್ಪರ್ಧೆ ಈ ವಾದ್ಯಸಂಘಗಳ ಪಾಲಿನ ಒಲಿಂಪಿಕ್ಸ್ ಇದ್ದಂತೆ.

ನಿಜವಾದ ಒಲಿಂಪಿಕ್ಸ್‌ಗೂ ಇವರು ಹೋಗಿದ್ದಾರೆ. ಹೇರನ್‌ವೇನ್‌ನ ಥಿಯಾಲ್ಫ್ ಕ್ರೀಡಾಂಗಣದಲ್ಲಿ ಸ್ಕೇಟಿಂಗ್ ನಡೆಯುವಾಗ, ಮಧ್ಯೆ ಮಂಜುಗಡ್ಡೆಯನ್ನು ಒರೆಸಿ ನುಣುಪು ಮಾಡುವ ಬಿಡುವಿನಲ್ಲಿ ತುತ್ತೂರಿ ಊದುವ ತಂಡವನ್ನು ದೂರದರ್ಶನದಲ್ಲಿ ನೀವು ನೋಡಿರುತ್ತೀರಿ. ಸಾಸನ್‌ಹೈಮ್ ಊರಿನ 'ಕ್ಲೈಂಚೆ ಪಿಲ್ಸ್' ಎಂಬ ತಂಡ ಅಲ್ಲಿ ಪ್ರಸಿದ್ಧ. 2014ರಲ್ಲಿ ಸೋಚಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲೂ ಅವರು ನುಡಿಸಿದರು. ಅವರು ನುಡಿಸುವುದು ಎಲ್ಲರಿಗೂ ಗೊತ್ತಿರುವ ಪಾಪ್ ಹಾಡುಗಳನ್ನೇ. ಇಂಥ ತಂಡಕ್ಕೆ ಡಚ್ಚರು ಇಟ್ಟ ಹೆಸರು ಡ್ವೈಲ್‌ಆರ್ಕೆಸ್ಟ್. ಡ್ವೈಲ್ ಎಂದರೆ ನೆಲ ಒರೆಸುವ ಬಟ್ಟೆ ಎಂದು ಇಲ್ಲಿನ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ತಮ್ಮನ್ನು ತಾವೇ ಇಷ್ಟು ಹಗುರವಾಗಿ ಕರೆದುಕೊಳ್ಳುವವರು ಕಸ್ತೂರಿಯ ಹಾಗೆ ಜಂಬ ಪಡುವುದು ಹೇಗೆ ಸಾಧ್ಯ?

ನಮ್ಮ ನೆರೆಯ ಸುರಿನಾಮಿ ಬಂಧುಗಳ ಸಂಗೀತವನ್ನೂ ಮರೆಯಬಾರದು. ಅವರ ಕಸೆಕೋ ಎಂಬ ಕುಣಿತದ ಸಂಗೀತದಲ್ಲಿ ಗಾಯಕ ಒಂದು ಸಾಲು ಕೂಗಿದರೆ ತುತ್ತೂರಿಗಳು ಉತ್ತರ ಕೊಡುತ್ತವೆ. ಕಸೆಕೋದ ದೊರೆ ಎಂದು ಹೆಸರಾದ ಲೀವೆ ಹ್ಯೂಗೋ ನೆದರ್‌ಲ್ಯಾಂಡ್ಸ್‌ನಲ್ಲೇ ನೆಲೆಸಿ ಹಾಡಿದರು. ಸುರಿನಾಮ್ ಸ್ವತಂತ್ರವಾದ 1975ರ ನವೆಂಬರ್ ತಿಂಗಳಲ್ಲೇ ತೀರಿಕೊಂಡರು. ವಸಾಹತಿನ ಸೈನ್ಯದ ಬ್ಯಾಂಡು, ಇಗರ್ಜಿಯ ಬ್ಯಾಂಡುಗಳಿಂದ ಬಂದ ಹಿತ್ತಾಳೆ ವಾದ್ಯವನ್ನು ತಮ್ಮ ತಮಟೆಯ ಲಯಕ್ಕೆ ಒಗ್ಗಿಸಿಕೊಂಡ ಜನ ಅವರು. ದೂರದಿಂದ ಬಂದವರು ಈ ನೆಲದ ವಾದ್ಯದಲ್ಲಿ ತಮ್ಮ ಹಾಡನ್ನೇ ಹಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ದೊಡ್ಡ ಪ್ರಮಾಣದ್ದು ನೋಡಬೇಕೆಂದರೆ ಹಿಲ್ವರ್ಸಮ್‌ನ ಮೆಟ್ರೊಪೋಲ್ ಆರ್ಕೆಸ್ಟ್ ಇದೆ. ಯುದ್ಧ ಮುಗಿದ 1945ರಲ್ಲಿ ಡಾಲ್ಫ್ ಫಾನ್ ಡರ್ ಲಿಂಡನ್ ಮುಂದಾಳತ್ವದಲ್ಲಿ ರೇಡಿಯೋಗಾಗಿ ಹುಟ್ಟಿದ ತಂಡ. ಜಾಜ್ ತಂಡದ ಪೂರ್ಣ ತುತ್ತೂರಿ ಬಳಗ, ಅದರ ಜೊತೆಗೆ ಪಿಟೀಲುಗಳ ಬಳಗ, ಎರಡೂ ಒಂದೇ ಸೂರಿನಡಿ. ಇಂಗ್ಲೆಂಡಿನ ಗಾಯಕ ಎಲ್ವಿಸ್ ಕಾಸ್ಟೆಲೊ 2004ರಲ್ಲಿ ಹೇಗ್ ನಗರದ ನಾರ್ತ್ ಸೀ ಜಾಜ್ ಉತ್ಸವದಲ್ಲಿ ತಮ್ಮ ಹಳೆಯ ಪಾಪ್ ಹಾಡುಗಳನ್ನು ಈ ತಂಡದೊಂದಿಗೆ ಹೊಸದಾಗಿ ಹಾಡಿದರು. 2006ರಲ್ಲಿ ಅದು ಧ್ವನಿಮುದ್ರಿಕೆಯಾಗಿ ಬಂತು. 1977ರಲ್ಲಿ ಕೆಲವೇ ವಾದ್ಯಗಳೊಂದಿಗೆ ಹಾಡಿದ್ದ 'ವಾಚಿಂಗ್ ದ ಡಿಟೆಕ್ಟಿವ್ಸ್' ಇಲ್ಲಿ ಹಳೆಯ ಪತ್ತೇದಾರಿ ಚಿತ್ರದ ಗತ್ತಿನಲ್ಲಿ ನಡೆಯುತ್ತದೆ. ಕಾಸ್ಟೆಲೊ ಹಾಡಿದ ಮಾತು ಬದಲಾಗಿಲ್ಲ, ಹಾಡಿನ ಸುತ್ತಲಿನ ಬೀದಿ ಬದಲಾಗಿದೆ. 2013ರ ಹೊತ್ತಿಗೆ ಸರ್ಕಾರದ ಖರ್ಚುಕಡಿತದಿಂದ ಈ ತಂಡ ಪ್ರಸಾರ ಸಂಸ್ಥೆಗಳ ಆಶ್ರಯ ಕಳೆದುಕೊಂಡಿತು, ಆದರೂ ಮುಚ್ಚಲಿಲ್ಲ. ಸ್ವಂತ ಕಾಲ ಮೇಲೆ ನಿಂತು ಮುಂದುವರಿಯಿತು. ದೇಣಿಗೆಯ ಬೆಲೆ ಏನೆಂದು ಅವರನ್ನು ಕೇಳಬೇಕು.

ಎಳೆಯರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಆಮ್‌ಸ್ಟರ್‌ಡ್ಯಾಮಿನ ಕ್ಯಾಂಡಿ ಡುಲ್ಫರ್ ಇದ್ದಾರೆ. 1989ರ 'ಲಿಲಿ ವಾಸ್ ಹಿಯರ್' ಎಂಬ ಮಾತಿಲ್ಲದ ಹಾಡಿನಲ್ಲಿ ಗಿಟಾರಿಗೂ ಅವರ ಸ್ಯಾಕ್ಸೊಫೋನಿಗೂ ನಡೆದ ಸವಾಲ್ ಜವಾಬ್ ದೇಶದೇಶಗಳಲ್ಲಿ ಮನೆಮಾತಾಯಿತು. 'ಕೈಟ್‌ಮನ್' ಎಂಬ ಹೆಸರಿನ ಯುವ ತುತ್ತೂರಿಗಾರ ಕಾಲಿನ್ ಬೆಂಡರ್ಸ್ 2009ರಲ್ಲಿ ಹಿಪ್‌ಹಾಪಿನ ಮಾತುಗಾರರ ಹಿಂದೆ ದೊಡ್ಡ ವಾದ್ಯವೃಂದವನ್ನೇ ನಿಲ್ಲಿಸಿ ಇಲ್ಲಿನ ಯುವಜನರ ಮನ ಗೆದ್ದರು.

ನಮ್ಮ ಮನೆಯ ತುತ್ತೂರಿ

ಹಾಗೆಂದು ಇದು ಅವರದ್ದು, ನಮಗೆ ಹೊರಗಿನದು ಎಂದುಕೊಳ್ಳಬೇಡಿ. ಜಾತ್ರೆ, ತೇರು, ಉತ್ಸವಗಳಲ್ಲಿ ಕೊಂಬು ಕಹಳೆ ಊದುವುದು ನಮ್ಮಲ್ಲಿ ಎಷ್ಟು ಹಳೆಯದೋ ಹೇಳುವವರಿಲ್ಲ. ಕೊಡಗಿನ ವಾಲಗ ಕೇಳಿಸಿದರೆ ಕೊಡವರ ಮನೆಯ ಅಜ್ಜನ ಕಾಲೂ ಕುಣಿಯುತ್ತದೆ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂದು ಎರಡು ತಂಡಗಳಿದ್ದವು. ದಸರೆಯ ದೀಪಗಳ ಕೆಳಗೆ ಪೊಲೀಸ್ ಬ್ಯಾಂಡ್ ನುಡಿಸುವ ಸಂಪ್ರದಾಯ ಅದರ ಮುಂದುವರಿಕೆ.

ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಒಬ್ಬ ಹುಡುಗ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದವನು. ತಂದೆ ನಾಗಸ್ವರ ನುಡಿಸುವವರು. ಆ ಹುಡುಗ ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಕಲಿತು, ಗಮಕ ಹಿಡಿಸದ ವಾದ್ಯದಲ್ಲಿ ಗಮಕ ಹಿಡಿಸಲು ವರ್ಷಗಟ್ಟಲೆ ದುಡಿದು ಕದ್ರಿ ಗೋಪಾಲನಾಥ್ ಆದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅದೇ ವರ್ಷ ಎ. ಆರ್. ರೆಹಮಾನ್ ಸಂಗೀತದ 'ಡ್ಯುಯೆಟ್' ಎಂಬ ತಮಿಳು ಚಿತ್ರದಲ್ಲಿ ಅವರ ಸ್ಯಾಕ್ಸೊಫೋನ್ ಮನೆಮನೆಗೂ ತಲುಪಿತು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ನಮ್ಮನ್ನು ಅಗಲಿದರು. ಸ್ಯಾಕ್ಸ್ ಮಹಾಶಯನ ಹೊಳೆ ನೇತ್ರಾವತಿಯನ್ನು ಸೇರಿದ್ದು ಹೀಗೆ.

ಸಿನಿಮಾ ಹಾಡಿಗೆ ಬನ್ನಿ. ಮುಂಬಯಿಯ ಹಿಂದಿ ಚಿತ್ರಗೀತೆಗೆ ಗೋವಾದ ಕ್ರೈಸ್ತ ವಾದಕರು ತುತ್ತೂರಿ ತಂದರು. 1951ರ 'ಅಲ್ಬೇಲಾ' ಚಿತ್ರದಲ್ಲಿ ಸಿ. ರಾಮಚಂದ್ರ ಅವರ ಜೊತೆ ಚಿಕ್ ಚಾಕ್ಲೆಟ್ ಎಂಬ ಗೋವಾದ ತುತ್ತೂರಿಗಾರ ಇದ್ದರು. ನಮ್ಮ ಕನ್ನಡದಲ್ಲೂ 1960ರ, 70ರ ದಶಕದ ಪತ್ತೇದಾರಿ ಚಿತ್ರಗಳಲ್ಲಿ, ಕ್ಲಬ್ ಹಾಡುಗಳಲ್ಲಿ ಹಿತ್ತಾಳೆಯ ಮಿಂಚು ಸಾಕಷ್ಟಿದೆ. 1981ರಲ್ಲಿ ಶಂಕರನಾಗ್ ಅವರ 'ಗೀತಾ' ಚಿತ್ರಕ್ಕೆ ಇಳಯರಾಜ ಸಂಗೀತ ಕೊಟ್ಟರು. ಅದರ ಕುಣಿತದ ಹಾಡನ್ನು ಮನೆಯಲ್ಲಿ ಹಾಕಿ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಏನೇನು ಕೇಳಿಸುತ್ತದೆ ಎಂದು ಗಮನಿಸಿ. ನಲವತ್ತು ವರ್ಷ ಕಳೆದರೂ ಮದುವೆ ಮನೆಯಲ್ಲಿ ಆ ಹಾಡಿಗೆ ಕುಣಿಯದವರಿಲ್ಲ.

ಆಮೇಲೆ ಏನಾಯಿತು? ಕೀಬೋರ್ಡ್ ಬಂತು, ಕಂಪ್ಯೂಟರ್ ಬಂತು. ಹತ್ತು ಜನ ಕೂರುತ್ತಿದ್ದ ಸ್ಟುಡಿಯೋದಲ್ಲಿ ಒಬ್ಬರು ಕೂತರೆ ಸಾಕಾಯಿತು. ಊರಲ್ಲಿ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನ ಜಾಗಕ್ಕೆ ಡೀಜೆಯ ಪೆಟ್ಟಿಗೆ ಬಂತು. ಊದುತ್ತಿದ್ದವರು ಎಲ್ಲಿ ಹೋದರು ಎಂದು ಯಾರೂ ಕೇಳಲಿಲ್ಲ.

ಇಲ್ಲಿ ಒಂದು ಕಹಿ ಮಾತನ್ನು ಹೇಳಲೇಬೇಕು, ಮನ್ನಿಸಿ. ನಮ್ಮ ಊರುಗಳಲ್ಲಿ ವಾದ್ಯದವರು ಊದಿದರೆ ಮಾತ್ರ ತಾಳಿ ಕಟ್ಟುವ ಮುಹೂರ್ತಕ್ಕೆ ಕಳೆ. ಆದರೆ ಎಷ್ಟೋ ಕಡೆ ಅವರು ಕೂರುವುದು ಚಪ್ಪರದ ಅಂಚಿನಲ್ಲಿ, ಉಣ್ಣುವುದು ಕೊನೆಯ ಪಂಕ್ತಿಯಲ್ಲಿ. ಊದುವುದು ಒಂದು ಜಾತಿಯ ಕೆಲಸ, ಕೇಳುವುದು ಉಳಿದವರ ಹಕ್ಕು ಎಂದು ನಾವು ವಿಂಗಡಿಸಿಬಿಟ್ಟೆವು. ಈ ನಾಡಿನ ಫಾನ್‌ಫಾರೆಯಲ್ಲಿ ನೋಡಿ. ವೈದ್ಯರ ಪಕ್ಕದಲ್ಲಿ ಅಂಚೆಯವನು, ಶಾಲೆಯ ಹುಡುಗಿಯ ಪಕ್ಕದಲ್ಲಿ ನಿವೃತ್ತ ರೈತ, ಎಲ್ಲರ ಮುಂದೂ ಒಂದೇ ಎತ್ತರದ ಸ್ವರಪುಟದ ಸ್ಟ್ಯಾಂಡು. ತುತ್ತೂರಿ ಬಳಗದಿಂದ ನಾವು ಕಲಿಯಬೇಕಾದದ್ದು ಸಂಗೀತ ಮಾತ್ರ ಅಲ್ಲ.

ನಾವೇನು ಮಾಡಬಹುದು?

ನಮ್ಮ ಕಾರ್ಯಕ್ರಮಗಳ ಮಾತಿಗೆ ಬರುತ್ತೇನೆ. ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ನಮ್ಮವರು ಹಾಡುವುದು ಹಾಡಿಲ್ಲದ ಟ್ರ್ಯಾಕಿನ ಮೇಲೆ. ಲ್ಯಾಪ್‌ಟಾಪು ನಿಂತರೆ ಕನ್ನಡವೂ ನಿಂತಿತು! ಇನ್ನೊಂದು ಕಡೆ, ಹನ್ನೆರಡು ವರ್ಷ ದಾಟಿದ ಮಕ್ಕಳು ನಮ್ಮ ವೇದಿಕೆಯಿಂದ ಮೆಲ್ಲಗೆ ಮಾಯವಾಗುತ್ತಾರೆ. ಕೋಲಾಟಕ್ಕೆ ದೊಡ್ಡವರಾದರು, ಭಾವಗೀತೆಗೆ ಭಾಷೆ ಸಾಲದು. ಇದೇ ಮಕ್ಕಳಲ್ಲಿ ಕೆಲವರು ವಾರಕ್ಕೊಮ್ಮೆ ಟ್ರಂಪೆಟ್ಟೋ ಸ್ಯಾಕ್ಸೊಫೋನೋ ಹೊತ್ತು ಸೈಕಲ್ಲೇರಿ ಊರಿನ ವಾದ್ಯಸಂಘಕ್ಕೆ ಹೋಗುತ್ತಾರೆ. ಅಲ್ಲಿ ಅವರು ನುಡಿಸುವುದು ಡಚ್ ಮತ್ತು ಇಂಗ್ಲಿಷ್ ಹಾಡು. ಇಲ್ಲಿ ಬಂದರೆ ಬರಿಗೈಯಲ್ಲಿ ಕುಳಿತಿರುತ್ತಾರೆ. ನಮ್ಮ ಹಾಡಿಗೆ ಬಿಡುವಿದೆ, ಅವರ ಕೈಯಲ್ಲಿ ತುತ್ತೂರಿಯಿದೆ. ಎರಡನ್ನೂ ಸೇರಿಸುವ ಕೆಲಸ ಮಾತ್ರ ಬಾಕಿ.

ಕೆಲಸ ಕಷ್ಟದ್ದಲ್ಲ, ಆದರೆ ಕೆಲವು ಗುಟ್ಟು ತಿಳಿದಿರಬೇಕು.

ಮೊದಲ ಗುಟ್ಟು ಶ್ರುತಿಯದು. ಟ್ರಂಪೆಟ್ಟಿನವರು ತಮ್ಮ 'ಸಿ' ಸ್ವರ ಊದಿದರೆ ಕೇಳಿಸುವುದು ನಮ್ಮ ಆರೂವರೆ ಮನೆ ಶ್ರುತಿಯ ಷಡ್ಜ. ಆಲ್ಟೋ ಸ್ಯಾಕ್ಸೊಫೋನಿನಲ್ಲಿ ಅದು ಎರಡೂವರೆ ಮನೆ. ಹಾಡುವ ಅಕ್ಕ ಐದು ಮನೆಯಲ್ಲಿ ಹಾಡುತ್ತೇನೆಂದು ಹಟ ಹಿಡಿದರೆ, ಟ್ರಂಪೆಟ್ಟಿನ ಮಗುವಿಗೆ ಮೂರು ತೀವ್ರಸ್ವರ, ಸ್ಯಾಕ್ಸೊಫೋನಿನ ಮಗುವಿಗೆ ನಾಲ್ಕು ತೀವ್ರಸ್ವರ ಬಂದು ಬೆರಳು ತೊಡರುತ್ತದೆ. ಅದೇ ಅಕ್ಕ ನಾಲ್ಕು ಮನೆಗೆ ಇಳಿದು ಬಂದರೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಎರಡು. ಒಂದು ಮನೆ ಕೆಳಗಿಳಿಯುವ ದೊಡ್ಡತನ ಹಾಡುವವರಿಗೆ ಬೇಕು.

ಎರಡನೆಯ ಗುಟ್ಟು, ಹಾಡಿನ ಧಾಟಿಯನ್ನೇ ತುತ್ತೂರಿಗೆ ಕೊಡಬೇಡಿ. ಕನ್ನಡ ಹಾಡಿನ ಕೊಂಕು, ಜಾರು, ಗಮಕ ಹಾಡುವವರ ಕಂಠದಲ್ಲೇ ಇರಲಿ. ಅದನ್ನು ವಾದ್ಯಕ್ಕೆ ತರಲು ಕದ್ರಿಯವರಿಗೇ ದಶಕಗಳು ಬೇಕಾದವು. ಮಕ್ಕಳಿಗೆ ಬಿಡುವಿನ ಜಾಗದಲ್ಲಿ ಎರಡು ಮೂರು ನೇರ ಸ್ವರ ಸಾಕು.

ಮೂರನೆಯದು ಹಾಡಿನ ಆಯ್ಕೆ. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಮೆಲುಮಾತಿನ ಭಾವಗೀತೆಗಳನ್ನು ಹಾಗೇ ಬಿಡೋಣ. ಅಲ್ಲಿ ಬಿಡುವಿನಲ್ಲಿ ಮೌನವೇ ಮಾತಾಡಬೇಕು. ಕುಣಿತದ ಹಾಡು, ಮೆರವಣಿಗೆಯ ಹಾಡು, ಎಲ್ಲರೂ ದನಿಗೂಡಿಸುವ ನಾಡಿನ ಹಾಡು ತುತ್ತೂರಿಯನ್ನು ಕೈಬೀಸಿ ಕರೆಯುತ್ತವೆ.

ನಾಲ್ಕನೆಯದು ಬರವಣಿಗೆ. ನಮ್ಮ ಅಜ್ಜಿಯರಿಗೆ ಸರಿಗಮ ಗೊತ್ತು, ಮೊಮ್ಮಕ್ಕಳಿಗೆ ಐದು ಗೆರೆಯ ಸ್ವರಲಿಪಿ ಗೊತ್ತು. ಊರಿಂದ ಬೇಸಿಗೆಗೆ ಬಂದ ಅಜ್ಜಿ ಹಾಡಿ ತೋರಿಸಲಿ, ಮೊಮ್ಮಗಳು ಬರೆದುಕೊಳ್ಳಲಿ. ಒಂದು ಹಾಡು ಬರೆದು ಮುಗಿಯುವಷ್ಟರಲ್ಲಿ ಮಗು ಎಷ್ಟು ಕನ್ನಡ ಕಲಿತಿರುತ್ತದೆ, ಅಜ್ಜಿಗೆ ಎಷ್ಟು ಹೊತ್ತು ಹೋಗಿರುತ್ತದೆ ಎಂದು ಲೆಕ್ಕ ಹಾಕಿ.

ಇಷ್ಟರ ಮೇಲೆ ಊದುವವರು ಕಡಿಮೆ ಬಿದ್ದರೆ ನಿಮ್ಮ ಊರಿನ ವಾದ್ಯಸಂಘದ ಬಾಗಿಲು ತಟ್ಟಿ. ಬಹಳ ಸಂಘಗಳು ಕಲಿಯುವ ಸದಸ್ಯರಿಗೆ ವಾದ್ಯವನ್ನು ಎರವಲು ಕೊಡುತ್ತವೆ. ಎಳೆಯರು ಬರುತ್ತಿಲ್ಲವೆಂಬ ಚಿಂತೆ ಅವರಲ್ಲೂ ಅನೇಕರಿಗಿದೆ. ಅವರಿಗೆ ಮಕ್ಕಳು ಬೇಕು, ನಮಗೆ ತುತ್ತೂರಿ ಬೇಕು. ನೆರೆಹೊರೆಯ ಸ್ನೇಹ ಬೆಳೆಯುವುದಕ್ಕೆ ಚಹಾ ಬಿಸ್ಕತ್ತಿಗಿಂತ ಇದು ಗಟ್ಟಿ ದಾರಿ.

ಎಣಿಸುತ್ತಾ ಕಾಯುವುದು

ಕೊನೆಯದಾಗಿ ಒಂದು ಮಾತು. ತುತ್ತೂರಿ ಬಳಗದಲ್ಲಿ ಕುಳಿತ ಮಗು ಹಾಡಿನ ಬಹುಪಾಲು ಹೊತ್ತು ಊದುವುದೇ ಇಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಮನಸ್ಸಿನಲ್ಲೇ ಆವರ್ತ ಎಣಿಸುತ್ತಾ ಕಾಯುತ್ತದೆ. ತನ್ನ ಎಡುಪು ಬಂದಾಗ ತಪ್ಪದೆ ಎದ್ದು, ಪಕ್ಕದವರೊಂದಿಗೆ ಉಸಿರೆಳೆದು ಊದುತ್ತದೆ. ಕಾದದ್ದೂ ಸಂಗೀತವೇ, ಊದಿದ್ದೂ ಸಂಗೀತವೇ.

ಸಹಾಯ ಮಾಡುವುದೂ ಇದೇ ಬಗೆಯದು ಎಂದು ನನ್ನ ನಂಬಿಕೆ. ಊರಿನವರ ಹಾಡನ್ನು ನಾವು ಇಲ್ಲಿಂದ ಹಾಡಲಾಗುವುದಿಲ್ಲ, ಹಾಡಲೂಬಾರದು. ಅವರು ಉಸಿರು ತೆಗೆದುಕೊಳ್ಳಬೇಕಾದ ಜಾಗದಲ್ಲಿ ನಾವು ಒಟ್ಟಿಗೆ ನಿಲ್ಲಬಹುದು. ಶಾಲೆಯ ಶುಲ್ಕ ಕಟ್ಟಬೇಕಾದ ಜೂನ್ ತಿಂಗಳು ಅಂಥ ಒಂದು ಜಾಗ. ಮದುವೆಯ ಋತು ಮುಗಿದು ಕೈಯಲ್ಲಿ ಕಾಸಿಲ್ಲದ ಆಷಾಢ ವಾದ್ಯದವರ ಮನೆಯಲ್ಲಿ ಅಂಥದೇ ಇನ್ನೊಂದು.

ಆದ್ದರಿಂದ ಸಮಿತಿಯ ಮುಂದೆ ನನ್ನದೊಂದು ವಿನಂತಿ. ಇಂದು ಕೂಡುವ ಹಣದಲ್ಲಿ ಒಂದು ಪಾಲು ನಮ್ಮ ಊರುಗಳ ವಾಲಗದವರ, ಬ್ಯಾಂಡ್‌ಸೆಟ್ಟಿನವರ ಮಕ್ಕಳ ಓದಿಗೆ ಹೋಗಲಿ. ಆ ಮಕ್ಕಳು ಮುಂದೆ ತುತ್ತೂರಿ ಹಿಡಿಯಲಿ ಬಿಡಲಿ, ಅದು ಅವರ ಇಷ್ಟ. ಹಿಡಿದರೆ ಬೇರೆ ದಾರಿಯಿಲ್ಲವೆಂದು ಹಿಡಿಯುವಂತಾಗದೆ, ಬೇಕೆಂದು ಹಿಡಿಯುವಂತಾಗಲಿ. ನಮ್ಮ ತಾಯಿ ತಂದೆಯರ ಮದುವೆಯನ್ನು ಮಂಗಳಕರ ಮಾಡಿದವರ ಋಣ ನಮ್ಮ ಮೇಲಿದೆ. ಅದನ್ನು ತೀರಿಸುವ ಸರದಿ ನಮ್ಮದು.

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂದರು ಹಿರಿಯರು. ಉಸಿರು ಉಸಿರು ಗೂಡಿದರೆ ಹಾಡು ಎಂದು ನಾನು ಸೇರಿಸುತ್ತೇನೆ. ಮುಂದಿನ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳ ತುತ್ತೂರಿ ಕೇಳುವ ಭಾಗ್ಯ ನಮ್ಮದಾಗಲಿ.

 ಜೈ ಕರ್ನಾಟಕ ಮಾತೆ. ಸಿರಿಗನ್ನಡಂ ಗೆಲ್ಗೆ!